ಫಲಕದ ಮೇಲೆ ‘ಇಗ್ರೀಜಸ್’ ಬೇಡ

(‘ಹೈಸ್ಕೂಲ್ ಗೆಳೆಯರು, ದಾವಣಗೆರೆ’ ಗುಂಪಿನ ಚಾಟ್)

ಮಂಜಣ್ಣ: ಮೇಷ್ಟ್ರ ಸನ್ಮಾನ ಫಲಕದ ಪ್ರೂಫ್ ಹಾಕೀನಿ, ನೋಡ್ರಪ. ‘ಫಾರ್ ಹಿಸ್ ಇಗ್ರೀಜಸ್ (egregious) ಸರ್ವಿಸ್’. ಬೆಳಿಗ್ಗೆ ಇಲ್ಲೇ ಬಂದಿತ್ತಲ್ಲ ‘ದಿನಕ್ಕೊಂದು ಪದ’ ಕಾರ್ಡ್, ಅದರಿಂದ ಎತ್ತಿದ್ದು. ಅರ್ಥ: ಎದ್ದುಕಾಣುವ, ಶ್ರೇಷ್ಠ.

ಶೈಲಜಾ: ಕೆತ್ತೋನಿಗೆ ಈಗಲೇ ಫೋನ್ ಮಾಡಿ ನಿಲ್ಲಿಸು. ಮೇಷ್ಟ್ರು ನಾಚಿಕೆಗೇಡಿ ಕೆಲಸ ಮಾಡಿದ್ರು ಅಂತಾಗುತ್ತೆ.

ಮಂಜಣ್ಣ: ಡಿಕ್ಷನರೀಲೂ ‘ಡಿಸ್ಟಿಂಗ್ವಿಶ್ಡ್’ ಅಂತ ಐತಲ್ಲಮ್ಮಾ!

ಶೈಲಜಾ: ಐತೆ. ಅದರ ಪಕ್ಕ ‘ಆರ್ಕೇಯಿಕ್’ ಅಂತಲೂ ಐತೆ, ಕಾರ್ಡ್ ಮಾಡಿದೋರು ಅದನ್ನ ಕತ್ತರಿಸಿದಾರೆ. ಆ ಗುರುತಿರೋ ಅರ್ಥ ಹಳೇ ಪುಸ್ತಕ ಓದುವಾಗ ಬೇಕು, ಇವತ್ತು ಬರೆಯೋಕಲ್ಲ. ಈಗ ಉಳಿದಿರೋದು ಕಣ್ಣಿಗೆ ರಾಚುವಷ್ಟು ಕೆಟ್ಟದ್ದು ಅನ್ನೋದು ಒಂದೇ.

ರುದ್ರೇಶ: ಮಂಜಣ್ಣನ್ನ ಪೂರ್ತಿ ಬೈಬೇಡ. ಹುಟ್ಟಿದಾಗ ಪದ ಹೊಗಳಿಕೇನೇ. ಲ್ಯಾಟಿನ್‌ನಲ್ಲಿ ‘ಗ್ರೆಕ್ಸ್’ ಅಂದ್ರೆ ಹಿಂಡು, ‘ಎ’ ಅಂದ್ರೆ ಅದರಿಂದ ಹೊರಗೆ. ಚಳ್ಳಕೆರೆ ಕಡೆ ಹಿಂಡಿನೊಳಗೆ ಕಣ್ಣಾಡಿಸಿ ಬೀಜದ ಟಗರು ಬೇರೆ ನಿಲ್ಲಿಸ್ತಾರಲ್ಲ, ಹಂಗೆ. ಇಟಲಿಯವರು ಈಗಲೂ ಔಪಚಾರಿಕ ಪತ್ರಕ್ಕೆ ‘ಎಗ್ರೆಜೊ’ ಅಂತಲೇ ಶುರು ಮಾಡ್ತಾರೆ, ಮಾನ್ಯರೇ ಅಂದಂಗೆ. ನಮ್ಮ ಮಾರ್ಕ್ಸ್ ಕಾರ್ಡಿನ ಅಗ್ರಿಗೇಟು, ಕಸದ ಗಾಡಿಯ ಸೆಗ್ರಿಗೇಶನ್ನು, ಎಲ್ಲಾ ಅದೇ ಹಿಂಡಿನವು.

ಮಂಜಣ್ಣ: ಮತ್ತೆ! ಹಂಗಾದ್ರೆ ಕೆಟ್ಟಿದ್ದು ಯಾವಾಗ?

ರುದ್ರೇಶ: 16ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ಬಂದು ಸ್ವಲ್ಪ ದಿನಕ್ಕೇ ವ್ಯಂಗ್ಯಕ್ಕೆ ಸಿಕ್ಕಿಬಿತ್ತು. ಶೇಕ್ಸ್‌ಪಿಯರ್‌ನ ‘ಸಿಂಬಲೀನ್’ ನಾಟಕದಲ್ಲಿ ಪೋಸ್ಟ್ಯುಮಸ್ ಅನ್ನೋ ಪಾತ್ರ ತನ್ನನ್ನೇ ‘ಇಗ್ರೀಜಸ್ ಮರ್ಡರರ್’ ಅಂತ ಬೈಕೊಳ್ಳುತ್ತೆ. ನಮ್ಮ ‘ಘನಂದಾರಿ’ ನೋಡು. ಘನವಾದದ್ದೇ, ಆದ್ರೆ ‘ಏನು ಘನಂದಾರಿ ಕೆಲಸ ಮಾಡಿದ್ಯಪ್ಪ’ ಅಂದ್ರೆ ಯಾರಾದ್ರೂ ಕೈ ಮುಗೀತಾರಾ?

ಬಸಣ್ಣ: ಆದ್ರೂ ‘ಔಟ್‌ಸ್ಟ್ಯಾಂಡಿಂಗ್’ ಸಹ ಎದ್ದು ನಿಂತದ್ದೇ ಅಲ್ವೇನ್ರಿ. ಅದು ಒಳ್ಳೇದು, ಇದು ಕೆಟ್ಟದ್ದು, ಇದ್ಯಾವ ನ್ಯಾಯ?

ಶೈಲಜಾ: ನ್ಯಾಯ ಇಲ್ಲ, ಬಳಕೆ ಅಷ್ಟೇ. ಬ್ಯಾಂಕಿನೋರಿಗೆ ಔಟ್‌ಸ್ಟ್ಯಾಂಡಿಂಗ್ ಅಂದ್ರೆ ಸಾಲದ ಬಾಕಿ. ಮೂಲ ನೋಡಿ ಅರ್ಥ ಕಟ್ಟೋಕೆ ಹೋದ್ರೆ ಹಿಂಗೇ ಎಡವೋದು. ಪಕ್ಕದಲ್ಲಿ ಯಾವ ನಾಮಪದ ಕೂರುತ್ತೆ ನೋಡಬೇಕು: ಎರರ್, ವಯೊಲೇಶನ್, ಮಿಸ್‌ಕಾಂಡಕ್ಟ್, ಅಬ್ಯೂಸ್. ‘ಎಗ್ಸಾಂಪಲ್’ ಜೊತೆ ಬಂದ್ರೂ ಕೆಟ್ಟ ಉದಾಹರಣೆಯೇ. ‘ಸರ್ವಿಸ್’ ಆ ಸಾಲಲ್ಲಿಲ್ಲ.

ಬಸಣ್ಣ: ಹಂಗಾದ್ರೆ ನಮ್ಮ ಸ್ಪೆಲ್ಲಿಂಗ್ ತಪ್ಪಿಗೆಲ್ಲ ಅಂಟಿಸಬಹುದು?

ಶೈಲಜಾ: ಬೇಡ, ಸಣ್ಣದಕ್ಕೆ ಹಾಕಿದ್ರೆ ಪದ ಸಪ್ಪೆ. ತಪ್ಪು ದೊಡ್ಡದಿರಬೇಕು, ಯಾರೂ ಅಲ್ಲಗಳೆಯೋಕೆ ಆಗಬಾರದು. ಲೆಕ್ಕದಲ್ಲಿ ಹತ್ತು ರೂಪಾಯಿ ಹೆಚ್ಚುಕಮ್ಮಿ ಆದ್ರೆ ‘ಮಿಸ್ಟೇಕ್’ ಸಾಕು. ದಾಖಲೆ ತಿದ್ದಿ ಹಣ ನುಂಗಿದ್ರೆ ‘ಇಗ್ರೀಜಸ್’. ಉಚ್ಚಾರನೂ ಕೇಳ್ಕೊ, ‘ಎಗ್ರೇಗಿಯಸ್’ ಅಲ್ಲ. ಒತ್ತು ‘ಗ್ರೀ’ ಮೇಲೆ.

ಮಂಜಣ್ಣ: ಸರಿ ತಾಯಿ. ‘ಗ್ರೆಗೇರಿಯಸ್’ ಹಾಕ್ಲಾ? ಅದೂ ಹಂಗೇ ಕೇಳುತ್ತೆ.

ರುದ್ರೇಶ: ಅದೂ ಹಿಂಡಿನ ಪದವೇ, ಆದ್ರೆ ಹಿಂಡಿನೊಳಗೆ ಖುಷಿಯಾಗಿರೋನು. ಜನರ ಜೊತೆ ಬೆರೆಯೋ ಮನುಷ್ಯನಿಗೆ ಹೊಂದುತ್ತೆ, ಸೇವೆಗೆ ಹೊಂದಲ್ಲ. ‘ಎಕ್ಸೆಂಪ್ಲರಿ’ ಹಾಕು, ಮಾದರಿಯಾದ ಅಂತ.

ಮಂಜಣ್ಣ: ಹೊಸ ಪ್ರೂಫ್ ಹಾಕ್ದೆ.

ಶೈಲಜಾ: ‘ಎಲ್’ ಆದ್ಮೇಲೆ ‘ಎ’ ಕಣಪ್ಪ, ‘ಇ’ ಅಲ್ಲ.