ಎಲೆ ಟೀ ಕುದಿಸಬೇಡಿ, ಅತ್ತಿಗೆ

ಅತ್ತಿಗೆ, ಕೂನೂರಿಂದ ತಂದ ಎಲೆ ಟೀ ಬಗ್ಗೆ ನೀವು ಗ್ರೂಪಲ್ಲಿ ಹೇಳಿದ್ದು ಈಗ ನೋಡಿದೆ. ಹಾಲು ಹಾಕದೆ ಕುಡಿಯೋಣ ಅಂತ ಮಾಡಿದರೆ ಬರೀ ಒಗರು, ಮೇಲೆ ಎಣ್ಣೆ ತೇಲಿದ ಹಾಗೆ ಪದರ, ಇದನ್ನು ಎಸೆದುಬಿಡಲಾ ಅಂದಿರಿ. ಎಸೆಯಬೇಡಿ, ದಯವಿಟ್ಟು! ನೀವು ಅದನ್ನು ದಿನದ ಟೀ ಪುಡಿ ಥರ ಒಲೆ ಮೇಲೆ ಕುದಿಸಿದಿರಿ, ಅಲ್ವಾ?

ನಮ್ಮ ದಿನದ ಪುಡಿ ಸಿಟಿಸಿ. ಎಲೆಯನ್ನು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಸುತ್ತಿ ಕಾಳು ಕಾಳಾಗಿ ಮಾಡಿದ್ದು. ಬೇಗ ಬಣ್ಣ ಬಿಡುತ್ತದೆ, ಹಾಲು ಸಕ್ಕರೆ ಹಾಕಿದರೂ ರುಚಿ ನಿಲ್ಲುತ್ತದೆ. ನೀವು ತಂದಿರುವುದು ಆರ್ಥೊಡಾಕ್ಸ್, ಎಲೆಯನ್ನು ಹೊಸೆದು ಒಣಗಿಸಿದ್ದು. ನೀಲಗಿರಿ ಎಲೆಯ ಸೊಗಸೇ ಅದರ ಘಮ. ಒಲೆ ಮೇಲೆ ಕುದಿಸಿದರೆ ಘಮ ಹಬೆ ಜೊತೆ ಹೋಗಿ ಒಗರು ಉಳಿಯುತ್ತದೆ.

ಇಬ್ಬರಿಗೆ 400 ಮಿಲಿ ನೀರು, 4-5 ಗ್ರಾಂ ಎಲೆ ಸಾಕು. ಉದ್ದ ಎಲೆಗೆ ಚಮಚದ ಲೆಕ್ಕ ತಪ್ಪುತ್ತದೆ, ಚಿಕ್ಕ ತಕ್ಕಡಿ ಇದ್ದರೆ ಒಮ್ಮೆ ತೂಗಿ ನೋಡಿ. ಪಾತ್ರೆಗೆ ಮೊದಲು ಬಿಸಿನೀರು ಹಾಕಿ ಆಡಿಸಿ ಚೆಲ್ಲಿ. ಪಾತ್ರೆ ತಣ್ಣಗಿದ್ದರೆ ನೀರಿನ ಕಾವು ಅಲ್ಲೇ ಇಳಿದುಬಿಡುತ್ತದೆ. ಆಮೇಲೆ ಎಲೆ ಹಾಕಿ, ಚೆನ್ನಾಗಿ ಕುದಿ ಬಂದ ನೀರು ಸುರಿದು ಮುಚ್ಚಿಡಿ. ಗಡಿಯಾರ ನೋಡಿಕೊಂಡು 3-4 ನಿಮಿಷ. ಪಿಂಗಾಣಿ ಕೆಟಲ್ಲೇ ಬೇಕು ಅಂತೇನಿಲ್ಲ, ಮುಚ್ಚಳ ಇರುವ ಸ್ಟೀಲ್ ಪಾತ್ರೆಯೂ ನಡೆಯುತ್ತದೆ.

ಹೊತ್ತಾದ ಮೇಲೆ ಪೂರ್ತಿ ಸೋಸಿಬಿಡಿ. ಇದನ್ನು ಮಾತ್ರ ಮರೆಯಬೇಡಿ. ಎರಡನೇ ಲೋಟಕ್ಕೆ ಇರಲಿ ಅಂತ ಎಲೆ ಜೊತೆಗೇ ಬಿಟ್ಟರೆ ಆ ಲೋಟ ಬಾಯಿಗಿಡಲು ಆಗುವುದಿಲ್ಲ. ಅಣ್ಣನಿಗೆ ಸ್ಟ್ರಾಂಗ್ ಬೇಕಾದರೆ ಎಲೆ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಮಾಡಬೇಡಿ.

ಆ ಪದರ ಬರುವುದು ನಿಮ್ಮ ಬೋರ್‌ವೆಲ್ ನೀರಿನಿಂದ. ಗಡಸು ನೀರಲ್ಲಿರುವ ಕ್ಯಾಲ್ಸಿಯಂ ಟೀ ಜೊತೆ ಸೇರಿದರೆ ಹಾಗೆ ಆಗುತ್ತದೆ. ಆರ್‌ಓ ನೀರಲ್ಲಿ ಮಾಡಿ ನೋಡಿ. ನಾಲ್ಕು ಹನಿ ನಿಂಬೆರಸ ಬಿಟ್ಟರೂ ಕಡಿಮೆಯಾಗುತ್ತದೆ. ಬಣ್ಣ ತಿಳಿಯಾಗುತ್ತದೆ, ಗಾಬರಿಯಾಗಬೇಡಿ, ಅದು ಹುಳಿಯ ಗುಣ.

ಹಾಂ, ಡಬ್ಬಿಯನ್ನು ಇಂಗು, ಸಾರಿನ ಪುಡಿ ಪಕ್ಕ ಇಡಬೇಡಿ. ಟೀ ಎಲೆ ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತದೆ.

ಅಮ್ಮನಿಗೆ ಮಾತ್ರ ಊಟದ ಜೊತೆ ಕೊಡಬೇಡಿ ಅತ್ತಿಗೆ. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಟೀ ತಡೆಯುತ್ತದೆ, ಅವರಿಗೆ ಮೊದಲೇ ರಕ್ತ ಕಡಿಮೆ. ಊಟ ಆಗಿ ಒಂದು ಗಂಟೆ ಬಿಟ್ಟು ಕೊಡಿ.