ಅಪ್‌ಡೇಟ್: ಹಳೆಯ ಟ್ರೆಕ್ 930ರ ಬಲಗಡೆಯ ಕಪ್ ಕೊನೆಗೂ ಕಳಚಿತು

1992ರ ಟ್ರೆಕ್ 930 ಮೌಂಟನ್ ಬೈಕನ್ನು ಬಿಡಿಭಾಗಗಳಿಂದ ಮತ್ತೆ ಕಟ್ಟುತ್ತಿದ್ದೇನೆಂದೂ, ಬಾಟಮ್ ಬ್ರ್ಯಾಕೆಟ್ಟಿನ (ಪೆಡಲುಗಳ ನಡುವಿನ ಅಚ್ಚು ತಿರುಗುವ ಬೇರಿಂಗ್ ಭಾಗ) ಬಲಗಡೆಯ ಕಪ್, ಅಂದರೆ ಬೇರಿಂಗನ್ನು ಫ್ರೇಮಿನಲ್ಲಿ ಹಿಡಿದಿಡುವ ಥ್ರೆಡ್ ಇರುವ ಬಳೆ, ಜಪ್ಪಯ್ಯ ಎಂದರೂ ಕದಲುತ್ತಿಲ್ಲವೆಂದೂ, ಹೊಸ ಹಿಂಚಕ್ರದ ಮೇಲೆ ಹಳೆಯ ಏಳು ಗೇರಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಅಲುಗಾಡುತ್ತಿದೆಯೆಂದೂ ಕಳೆದ ತಿಂಗಳು ಇಲ್ಲಿ ಹೇಳಿ ಸಲಹೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ಕಪ್ಪಿನ ತೊಂದರೆಗೆ ತುಕ್ಕಿಗಿಂತ ನನ್ನ ಅಜ್ಞಾನವೇ ಹೆಚ್ಚು ಕಾರಣವಾಗಿತ್ತು. ಚೈನ್ ಇರುವ ಬದಿಯ ಥ್ರೆಡ್ ಉಲ್ಟಾ ಆಗಿರುವುದರಿಂದ, ಬಿಚ್ಚುತ್ತಿದ್ದೇನೆಂದು ಭಾವಿಸಿ ಎರಡು ವಾರ ಅದನ್ನು ಬಿಗಿ ಮಾಡುತ್ತಲೇ ಇದ್ದೆ! ಎರಡು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಕುಡಿಸಿ, ಸ್ಪ್ಯಾನರಿನ ಹಿಡಿಗೆ ಮೂರಡಿ ಕಬ್ಬಿಣದ ಪೈಪು ತೊಡಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಒತ್ತಿದಾಗ ಟಕ್ಕೆಂದು ಸಡಿಲವಾಯಿತು. ಒಳಗಿನ ಗ್ರೀಸು ಹಳೆಯ ಬೆಲ್ಲದಂತೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು.

ಕ್ಯಾಸೆಟ್ಟಿನ ಹಿಂದೆ 4.5 ಮಿ.ಮೀ. ದಪ್ಪದ ಸ್ಪೇಸರ್ (ಖಾಲಿ ಜಾಗ ತುಂಬುವ ಬಳೆ) ಹಾಕಿದ ಮೇಲೆ ಅಲುಗಾಟ ನಿಂತಿದೆ. ಬ್ರೇಕಿನ ವಿಷಯದಲ್ಲಿ ಮಾತ್ರ, ವಿ-ಬ್ರೇಕ್ (ಉದ್ದ ತೋಳುಗಳ ಹೊಸ ಬಗೆಯ ರಿಮ್ ಬ್ರೇಕ್) ಹಾಕಿ ಎಂಬ ಕೆಲವರ ಸಲಹೆಯನ್ನು ನಾನು ಪಾಲಿಸಲಿಲ್ಲ. ವಿ-ಬ್ರೇಕಿಗೆ ಕೇಬಲ್ಲನ್ನು ಹೆಚ್ಚು ಎಳೆಯುವ ಲಿವರ್ ಬೇಕಾಗುತ್ತದೆ, ನನಗೋ ಹಳೆಯ ಲಿವರುಗಳನ್ನು ಬಿಡುವ ಮನಸ್ಸಿಲ್ಲ. ಆದ್ದರಿಂದ ಬೈಕಿನಲ್ಲಿದ್ದ ಹಳೆಯ ಬಗೆಯ ಕ್ಯಾಂಟಿಲಿವರ್ ಬ್ರೇಕನ್ನೇ ಉಳಿಸಿಕೊಂಡು ರಬ್ಬರುಗಳನ್ನು ಬದಲಿಸಿದ್ದೇನೆ. ಫ್ರೇಮಿನ ಗೀರುಗಳನ್ನೂ ಮುಟ್ಟಿಲ್ಲ. ಇನ್ನು 26 ಇಂಚಿನ ಟೈರುಗಳು ಬರುವುದೊಂದೇ ಬಾಕಿ.