ಡೋಡೋ ಅಂದ್ರೆ ನಮ್ಮ ‘ದಡ್ಡ’ನೇನಾ?

ಕೆರೆ ಏರಿ, ತುಮಕೂರು:
ಮಗಳ ಪ್ರಾಜೆಕ್ಟಿಗೆ, ಮಾರಿಷಸ್ ದ್ವೀಪದಲ್ಲಿದ್ದು ಅಳಿದುಹೋದ ಡೋಡೋ ಹಕ್ಕಿ ಬಗ್ಗೆ ಬರೆಯುತ್ತಾ ಕೂತಿದ್ದೆವು. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ನಮ್ಮ ಭಾವ ಒಂದು ಮೆಸೇಜ್ ಹಾಕಿದರು. ಡೋಡೋ ಅನ್ನೋದು ಕನ್ನಡದ ‘ದಡ್ಡ’ದಿಂದ ಹುಟ್ಟಿದ್ದಂತೆ, ಪೋರ್ಚುಗೀಸರು ಇಲ್ಲಿಂದ ಎತ್ತಿಕೊಂಡು ಹೋದರಂತೆ! ಮಗಳು ಅದನ್ನೇ ಚಾರ್ಟ್ ಮೇಲೆ ಸ್ಕೆಚ್ ಪೆನ್ನಲ್ಲಿ ದಪ್ಪಗೆ ಬರೆದುಬಿಟ್ಟಿದ್ದಾಳೆ. ನಿಜನಾ? ಸೋಮವಾರ ಕೊಡಬೇಕು.

ಮುಳಬಾಗಿಲು ದೋಸೆ:
ಸದ್ದು ಒಂದೇ ಥರ ಇದ್ದ ಮಾತ್ರಕ್ಕೆ ಪದಗಳು ನೆಂಟರಾಗುವುದಿಲ್ಲ ಸರ್. ನಮ್ಮೂರಲ್ಲಿ ತೆಲುಗಿನವರು ‘ಎದ್ದು’ ಅಂದರೆ ಎತ್ತು ಅಂತ ಅರ್ಥ, ನಾವು ಎದ್ದು ನಿಂತರೆ ಎತ್ತು ಆಗ್ತೀವಾ? ಆದರೆ ಪೋರ್ಚುಗೀಸ್ ಮಾತು ಪೂರ್ತಿ ಗಾಳಿಸುದ್ದಿ ಅಲ್ಲ. ಅವರಲ್ಲಿ ‘ದೋಯ್ದು’ ಅಂದರೆ ಹುಚ್ಚ, ಪೆದ್ದ. ಥಾಮಸ್ ಹರ್ಬರ್ಟ್ ಅನ್ನೋ ಇಂಗ್ಲಿಷ್ ಪ್ರವಾಸಿ 1634ರ ಪುಸ್ತಕದಲ್ಲೇ ಇದು ಪೋರ್ಚುಗೀಸ್ ಹೆಸರು ಅಂದಿದ್ದಾನೆ. ಮಾರಿಷಸ್‌ನಲ್ಲಿ ಹಿಡಿದು ತಿನ್ನುವ ಪ್ರಾಣಿಗಳೇ ಇರಲಿಲ್ಲ, ಹಾಗಾಗಿ ಹಕ್ಕಿಗೆ ಮನುಷ್ಯರ ಭಯ ಇರಲಿಲ್ಲ, ಹತ್ತಿರ ಹೋದರೂ ಓಡುತ್ತಿರಲಿಲ್ಲ. ಅದಕ್ಕೇ ಪೆದ್ದ ಅಂದರು ಅಂತ ವಾದ.

ನಂದಿಬೆಟ್ಟದ ಬೈನಾಕ್ಯುಲರ್, ಚಿಕ್ಕಬಳ್ಳಾಪುರ:
ಪೋರ್ಚುಗೀಸರು ಮಾರಿಷಸ್‌ಗೆ ಮೊದಲೇ ಹೋಗಿದ್ದರು ಸರಿ, ಆದರೆ ಈ ಹಕ್ಕಿ ಬಗ್ಗೆ ಅವರು ಬರೆದದ್ದು ಒಂದು ಸಾಲೂ ಸಿಕ್ಕಿಲ್ಲವಲ್ಲ. ನನಗೆ ಡಚ್ಚರ ಕಡೆಗೇ ಜಾಸ್ತಿ ಒಲವು. 1598ರಲ್ಲಿ ಅಲ್ಲಿ ಇಳಿದ ಡಚ್ ನಾವಿಕರು ಇದಕ್ಕೆ ಮೊದಲು ಇಟ್ಟ ಹೆಸರು ‘ವಾಲ್ಗ್‌ಫೋಗಲ್’, ಅಂದರೆ ಓಕರಿಕೆ ತರಿಸುವ ಹಕ್ಕಿ. ಎಷ್ಟು ಬೇಯಿಸಿದರೂ ಮಾಂಸ ಗಟ್ಟಿ ಅಂತ ಗೊಣಗಾಟ! ಆಮೇಲೆ 1602ರ ಒಬ್ಬ ಡಚ್ ಕ್ಯಾಪ್ಟನ್ನನ ದಿನಚರಿಯಲ್ಲಿ ‘ಡೋಡಾರ್ಸ್’ ಅಂತ ಬರುತ್ತದೆ. ಹಿಂಭಾಗದಲ್ಲಿ ಗಂಟಿನ ಹಾಗೆ ಪುಕ್ಕದ ಕುಚ್ಚು ಇರೋದು ಅಂತ ಅರ್ಥ, ಮರ್ಯಾದೆಯಾಗಿ ಹೇಳಿದರೆ. ಮಜಾ ಏನು ಗೊತ್ತಾ, ಡಚ್ಚರು ಇವತ್ತಿಗೂ ‘ಡೋಡಾರ್ಸ್’ ಅನ್ನೋದು ನಮ್ಮ ಗುಳುಮುಳುಕ ಹಕ್ಕಿಗೆ. ನಿಮ್ಮ ಅಮಾನಿಕೆರೆಯಲ್ಲಿ ಹುಡುಕಿ. ಕಂದು ಬಣ್ಣದ ಚಿಕ್ಕ ಚೆಂಡು ನೀರಲ್ಲಿ ಪುಳಕ್ ಅಂತ ಮುಳುಗಿ ಇನ್ನೆಲ್ಲೋ ಏಳುತ್ತದಲ್ಲ, ಅದೇ. ಹಿಂಭಾಗ ನೋಡಿ, ಬಾಲವೇ ಇಲ್ಲ, ಬರೀ ಹತ್ತಿ ಉಂಡೆ.

ಮುಳಬಾಗಿಲು ದೋಸೆ:
ಹೂಂ, ಇದು ಗಟ್ಟಿಯಾಗಿದೆ. ಅಂದ ಹಾಗೆ ಡೋಡೋ ನಮ್ಮ ದೇಶಕ್ಕೂ ಬಂದಿತ್ತು. ಸೂರತ್‌ನಲ್ಲಿ ಎರಡನ್ನು ನೋಡಿದೆ ಅಂತ ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ಪ್ರವಾಸಿ ಬರೆದಿದ್ದಾನೆ. ಪಾಪ, 1662ರ ಹೊತ್ತಿಗೆ ಮಾರಿಷಸ್‌ನಲ್ಲೇ ಕಂಡದ್ದು ಕೊನೆ.

ಕೆರೆ ಏರಿ, ತುಮಕೂರು:
ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮೂರು ಗುಳುಮುಳುಕ ಸಿಕ್ಕವು. ಅವಳು ಚಾರ್ಟಿನ ‘ದಡ್ಡ’ದ ಮೇಲೆ ಹತ್ತಿ ಉಂಡೆ ಅಂಟಿಸಿ ಮುಚ್ಚಿಬಿಟ್ಟಳು. ಭಾವ ಅದೇ ಮೆಸೇಜನ್ನು ಇನ್ನೊಂದು ಗ್ರೂಪಿಗೂ ಕಳಿಸಿದ್ದಾರೆ.